ವಕೀಲರು ಹೊರಗೆ ಕೂರಬೇಕು

ದಾವೆ ವಜಾ ಆದ ಸುದ್ದಿಯನ್ನು ಫೆಲಿಸಾ ಪಾಲ್ಮಾರೆಸ್ ತನ್ನ ಕಕ್ಷಿದಾರಳಿಗೆ ಅವತ್ತೇ ಹೇಳಿದ್ದಳು. ಯಾಕೆ ವಜಾ ಆಯಿತು ಎಂಬುದನ್ನು ಮಾತ್ರ ಹೇಳಿರಲಿಲ್ಲ. ‘ತಾಂತ್ರಿಕ ಕಾರಣ’ ಅಂದಿದ್ದಳು. ಆ ಎರಡು ಪದ ಬಾಯಿಂದ ಬಿದ್ದಾಗಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

ಕಕ್ಷಿದಾರಳು ಅಂದರೆ ಮಾನಾಂಗ್ ಸಿಲ್ಯಾ, ಆ ಕಡೆಯ ಮಾತಿನಲ್ಲಿ ಸಿಲ್ಯಾ ಅಕ್ಕ. ಫಿಲಿಪ್ಪೀನ್ಸ್‌ನ ಇಲೊಯ್ಲೊ ಊರಿನ ಲಾ ಪಾಸ್ ಮಾರುಕಟ್ಟೆಯ ಎದುರಿಗಿರುವ ಎರಡಂತಸ್ತಿನ ಮಳಿಗೆ ಕಟ್ಟಡದ ಒಡತಿ. ಅರವತ್ತು ದಾಟಿದ ವಿಧವೆ. ದನಿ ಎತ್ತಿದರೆ ಮೀನಿನ ಸಾಲಿನವರೂ ತಿರುಗಿ ನೋಡಬೇಕು. ಕಟ್ಟಡದ ಮಾಡು ಸೋರುತ್ತಿತ್ತು. ಮೇಲಂತಸ್ತಿನ ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ವರ್ಷ ಮುಗಿಯುವುದರೊಳಗೆ ರಿಪೇರಿ ಮಾಡಿಸದಿದ್ದರೆ ಬೀಗ ಹಾಕುತ್ತೇವೆಂದು ನಗರದ ಎಂಜಿನಿಯರುಗಳು ಹೇಳಿಹೋಗಿದ್ದರು. ಅಷ್ಟರಲ್ಲಿ ದೇವರೇ ಕಳಿಸಿದ ಹಾಗೆ ಮನಿಲಾದ ಒಂದು ಔಷಧಿ ಅಂಗಡಿ ಕಂಪನಿ ಬಂತು. ರಸ್ತೆಯ ಕಡೆಯ ಕೆಳ ಅಂತಸ್ತನ್ನು ಹದಿನೈದು ವರ್ಷಕ್ಕೆ ತೆಗೆದುಕೊಳ್ಳುತ್ತೇವೆ, ಮಾಡು ಮತ್ತು ತೊಲೆಗಳ ರಿಪೇರಿ ನಮ್ಮದೇ ಖರ್ಚು ಎಂದಿತು. ಒಂದೇ ಷರತ್ತು: ಮೂರು ತಿಂಗಳೊಳಗೆ ಮೂಲೆಯ ಮಳಿಗೆ ಖಾಲಿಯಾಗಿ ಕೈಗೆ ಸಿಗಬೇಕು. ಇಲ್ಲವಾದರೆ ಅವರು ಸೇತುವೆಯಾಚೆಯ ಬೇರೆ ಕಟ್ಟಡಕ್ಕೆ ಹೋಗುತ್ತಾರೆ. ಆಮೇಲೆ ಮಾನಾಂಗ್ ಸಿಲ್ಯಾಗೆ ಉಳಿಯುವ ದಾರಿ ಒಂದೇ, ಮೈದುನನಿಗೆ ಮಾರುವುದು. ಆತ ಆಗಲೇ ಕಟ್ಟಡ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುವ ಲೆಕ್ಕದಲ್ಲಿದ್ದ.

ಮೂಲೆಯಲ್ಲಿ ಕೂತಿದ್ದವನು ಮಾನೊಂಗ್ ತೆರ್ಸೊ, ಅಂದರೆ ತೆರ್ಸೊ ಅಣ್ಣ. ಅವನದು ಬಾಚೊಯ್ ಅಂಗಡಿ. ದೊಡ್ಡ ಹಂಡೆಯಲ್ಲಿ ಕುದಿಯುವ ಮಾಂಸದ ಸಾರು, ಅದರಲ್ಲಿ ಶಾವಿಗೆ, ಮೇಲೆ ಹುರಿದ ಬೆಳ್ಳುಳ್ಳಿ, ಹುರಿದು ಪುಡಿ ಮಾಡಿದ ಗರಿಗರಿ ಹಂದಿತೊಗಲು. ಅವನ ಬಾಡಿಗೆ ಕರಾರು ಮುಗಿದು ತಿಂಗಳುಗಳಾಗಿದ್ದವು. ಕಟ್ಟಡದ ಹಿಂದುಗಡೆ ಅಷ್ಟೇ ಅಗಲದ ಬೇರೆ ಮಳಿಗೆ ಕೊಡುತ್ತೇವೆ ಅಂದರೂ ಆತ ಒಪ್ಪಲಿಲ್ಲ. ಯಾಕೆ ಅಂತ ಬಾಯಿ ಬಿಡಲಿಲ್ಲ. ‘ಇಲ್ಲ’ ಅಂದ, ಅಷ್ಟೇ. ದುರಾಸೆ ಹಿಡಿದಿದೆ ಎಂದು ಎಲ್ಲರೂ ತೀರ್ಮಾನಿಸಿದರು. ಫೆಲಿಸಾ ನೋಟೀಸು ಕೊಟ್ಟು, ತೆರವು ಮಾಡಿಸಿಕೊಡಿ ಎಂದು ದಾವೆ ಹೂಡಿದಳು.

ತಪ್ಪಾದದ್ದು ಅಲ್ಲೇ.

ಒಂದೇ ಊರಲ್ಲಿರುವ ಇಬ್ಬರು ಮನುಷ್ಯರ ನಡುವೆ ಜಗಳವಾದರೆ ಮೊದಲು ಬರಂಗಾಯ್ ಕಚೇರಿಗೆ, ಅಂದರೆ ಓಣಿಯ ಪಂಚಾಯಿತಿಗೆ ಹೋಗಬೇಕು. ಅಲ್ಲಿ ಮುಖ್ಯಸ್ಥ ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿಗೆ ಪ್ರಯತ್ನಿಸಬೇಕು. ಆ ಮೆಟ್ಟಿಲು ಹತ್ತದೆ ನೇರವಾಗಿ ಬಂದ ದಾವೆಯನ್ನು ನ್ಯಾಯಾಲಯ ಮುಟ್ಟುವುದಿಲ್ಲ. ಜಗಳದ ಒಂದು ಕಡೆ ಕಂಪನಿಯಾಗಿದ್ದರೆ ಮಾತ್ರ ಈ ಕಟ್ಟುಪಾಡಿಲ್ಲ. ಇಲ್ಲಿ ಕಂಪನಿ ಇತ್ತಲ್ಲ! ಕಟ್ಟಡದ ನೆತ್ತಿಯ ಮೇಲೆ ಆಳೆತ್ತರದ ಅಕ್ಷರದಲ್ಲಿ ‘ತುಪಾಸ್ ಮತ್ತು ಮಕ್ಕಳು ರಿಯಾಲ್ಟಿ ಕಂಪನಿ’ ಎಂದು ಬರೆದಿತ್ತು. ವಕೀಲೆ ಆಗುವ ಮುಂಚೆ ಫೆಲಿಸಾ ಅದೇ ಕಟ್ಟಡದಲ್ಲಿ ಬಾಡಿಗೆ ವಸೂಲಿಯ ಗುಮಾಸ್ತೆಯಾಗಿದ್ದವಳು. ಹಗಲು ಆ ಹೆಸರಿನಲ್ಲಿ ರಸೀದಿ ಬರೆದು, ಸಂಜೆ ಊರಿನ ಬಾಡಿಗೆ ವ್ಯಾನಾದ ಜೀಪ್ನಿ ಹತ್ತಿ ಕಾನೂನು ತರಗತಿಗೆ ಹೋಗಿ, ಎರಡು ಸಲ ಪರೀಕ್ಷೆಯಲ್ಲಿ ಬಿದ್ದು, ಮೂರನೆಯ ಸಲ ಪಾಸಾದವಳು. ಆ ಹೆಸರನ್ನು ಅನುಮಾನಿಸಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ; ಅದೇ ಹೆಸರಿನಲ್ಲಿ ದಾವೆ ಹಾಕಿದಳು.

ಮಾನಾಂಗ್ ಸಿಲ್ಯಾಳ ಮಾವ ಕಂಪನಿ ಮಾಡಿದ್ದು ನಿಜ. ಬೋರ್ಡು ಬರೆಸಿದ್ದೂ ನಿಜ. ಜಾಗವನ್ನು ಕಂಪನಿಯ ಹೆಸರಿಗೆ ವರ್ಗಾಯಿಸುವ ಮುಂಚೆ ಆತ ತೀರಿಕೊಂಡಿದ್ದ. ಜಾಗ ಮಗನಿಗೆ ಬಂದು, ಮಗನಿಂದ ಸೊಸೆಗೆ ಬಂದಿತ್ತು. ಹಕ್ಕುಪತ್ರದಲ್ಲಿದ್ದದ್ದು ಬಸಿಲ್ಯಾ ತುಪಾಸ್ ಎಂಬ ಒಬ್ಬ ಹೆಂಗಸಿನ ಹೆಸರು, ಅಂದರೆ ಮಾನಾಂಗ್ ಸಿಲ್ಯಾಳದೇ. ಕಂಪನಿಗೆ ಸ್ವಂತಕ್ಕೆ ಒಂದು ಇಟ್ಟಿಗೆಯೂ ಇರಲಿಲ್ಲ. ತೆರ್ಸೊನ ಪರವಾಗಿ ಬಂದ, ಬಡವರಿಗೆ ಉಚಿತವಾಗಿ ವಾದಿಸುವ ಸರ್ಕಾರಿ ವಕೀಲ ನೋಂದಣಿ ಕಚೇರಿಗೆ ಹೋಗಿ ಅದನ್ನು ನೋಡಿಕೊಂಡು ಬಂದ. ಫೆಲಿಸಾ ನೋಡಿರಲಿಲ್ಲ. ಅಮೂಲ್ಯವಾದ ಎರಡು ತಿಂಗಳು ಹೀಗೆ ಹೋಗಿದ್ದವು; ಗಡುವಿಗೆ ಉಳಿದದ್ದು ಈ ತಿಂಗಳು ಮಾತ್ರ.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಅದೇ ಕಟ್ಟಡದ ಮೇಲಂತಸ್ತಿನ ತನ್ನ ಚಿಕ್ಕ ಕಚೇರಿಯಿಂದ ಇಳಿದು ಬಂದು ಮಾನಾಂಗ್ ಸಿಲ್ಯಾಳ ಎದುರು ನಿಂತಳು. ಮುದುಕಿ ಬೀಸಣಿಗೆ ಬೀಸಿಕೊಳ್ಳುತ್ತ ಒಣಮೀನು, ಅನ್ನ ತಿನ್ನುತ್ತಿದ್ದಳು.

“ಮಾನಾಂಗ್, ಒಂದು ಮಾತು ಹೇಳ್ಬೇಕು.”

“ಕೂತ್ಕೊಂಡು ಹೇಳು ಇಂದಾಯ್. ಯಾಕೆ ಹಿಂಗೆ ತಪ್ಪೊಪ್ಪಿಗೆಗೆ ಬಂದವಳ ಥರ ನಿಂತಿದೀಯ?”

ಪ್ರೀತಿ ಇದ್ದಾಗ ಮಾನಾಂಗ್ ಸಿಲ್ಯಾ ಅವಳನ್ನು ಮಗಳನ್ನು ಕರೆಯುವ ಹಾಗೆ ‘ಇಂದಾಯ್’ ಎನ್ನುತ್ತಿದ್ದಳು, ಸಿಟ್ಟು ಬಂದರೆ ‘ಅಟರ್ನಿ’. ಇನ್ನೊಂದು ನಿಮಿಷಕ್ಕೆ ಯಾವುದು ಬರುತ್ತದೆ ಎಂಬುದು ಫೆಲಿಸಾಗೆ ಗೊತ್ತಿತ್ತು.

“ದಾವೆ ವಜಾ ಆಗಿದ್ದು ಜಡ್ಜಿಂದ ಅಲ್ಲ. ನನ್ನಿಂದ. ಹಕ್ಕುಪತ್ರ ಯಾರ ಹೆಸರಲ್ಲಿದೆ ಅಂತ ನಾನು ನೋಡ್ಲಿಲ್ಲ. ಬೋರ್ಡು ನೋಡಿ ನಂಬ್ಬಿಟ್ಟೆ. ಮೊದ್ಲು ಬರಂಗಾಯ್‌ಗೆ ಹೋಗ್ಬೇಕಿತ್ತು.”

ಬೀಸಣಿಗೆ ನಿಂತಿತು.

“ಜಡ್ಜಿ ತಪ್ಪಲ್ವಾ?”

“ಅಲ್ಲ, ಮಾನಾಂಗ್.”

“ಅಯ್ಯೋ ಸ್ವಾಮಿ! ನಾನು ಹಾರೊ ಇಗರ್ಜಿಗೆ ಹೋಗಿ ಅವನಿಗೆ ಕೇಡಾಗ್ಲಿ ಅಂತ ಮೇಣದಬತ್ತಿ ತಲೆಕೆಳಗೆ ಹಚ್ಚಿ ಬಂದಿದೀನಲ್ಲೇ! ಪಾಪ, ಆ ಮನುಷ್ಯನಿಗೆ ಹೊಟ್ಟೆನೋವು ಗಿಟ್ಟೆನೋವು ಬಂದ್ರೆ? ಈಗ ಇನ್ನೊಂದು ನೆಟ್ಟಗೆ ಹಚ್ಚಿ ವಾಪಸ್ ತಗೋಬೇಕು.” ಅವಳು ಮೀನಿನ ಮುಳ್ಳನ್ನು ತಟ್ಟೆಯಂಚಿಗೆ ಸರಿಸಿದಳು. ಆಮೇಲೆ ತಲೆ ಎತ್ತಿದಳು. “ಮೂರು ದಿನದಿಂದ ಯಾಕೆ ಹೇಳ್ಲಿಲ್ಲ, ಅಟರ್ನಿ?”

“ಧೈರ್ಯ ಬರ್ಲಿಲ್ಲ. ನೀವು ಬೇರೆ ವಕೀಲರನ್ನ ನೋಡ್ಕೊಂಡ್ರೆ ನಾನೇನೂ ಅನ್ಕೊಳ್ಳಲ್ಲ. ಫೈಲು ಪೂರ್ತಿ ಜೋಡ್ಸಿಟ್ಟಿದೀನಿ.”

“ಬೇರೆಯವರು ಬಂದು ಓದಿ ಅರ್ಥ ಮಾಡ್ಕೊಳ್ಳೋದ್ರೊಳಗೆ ನನ್ನ ಮೈದುನ ಇಲ್ಲಿ ಕಾರು ನಿಲ್ಸಿರ್ತಾನೆ.” ಮುದುಕಿ ಕೈ ತೊಳೆದು ಬಂದು ಗಟ್ಟಿಯಾಗಿ ಕುರ್ಚಿ ಎಳೆದುಕೊಂಡಳು. “ಬರಂಗಾಯ್‌ಗೆ ಯಾವಾಗ?”

“ಶುಕ್ರವಾರ. ಆದ್ರೆ ಒಂದು ತೊಂದ್ರೆ ಇದೆ. ಅಲ್ಲಿ ವಕೀಲರು ಒಳಗೆ ಬರೋ ಹಾಗಿಲ್ಲ. ಕಾನೂನೇ ಹಂಗಿದೆ. ನೀವೊಬ್ರೇ ಮಾತಾಡ್ಬೇಕು.”

ಮಾನಾಂಗ್ ಸಿಲ್ಯಾಳ ಮುಖ ಅರಳಿತು. ಫೆಲಿಸಾಗೆ ನಿಜವಾದ ಭಯ ಶುರುವಾದದ್ದು ಆಗ.

ಶುಕ್ರವಾರ ಬೆಳಿಗ್ಗೆ ದಾರಿಯುದ್ದಕ್ಕೂ ಅವಳು ಪಾಠ ಹೇಳಿಕೊಟ್ಟಳು. ಕೂಗಬೇಡಿ. ಹಳೆಯದನ್ನು ಕೆದಕಬೇಡಿ. ಲುಸಿಂಗ್ ಹೆಸರು ಎತ್ತಲೇಬೇಡಿ. ಲುಸಿಂಗ್ ಅಂದರೆ ತೆರ್ಸೊನ ತೀರಿಹೋದ ಹೆಂಡತಿ, ಮಾನಾಂಗ್ ಸಿಲ್ಯಾಳ ಜೀವದ ಗೆಳತಿ. ಮುದುಕಿ ಎಲ್ಲದಕ್ಕೂ ಹೂಂ, ಹೂಂ ಎಂದಳು. ಆ ಹೂಂಕಾರದ ವೇಗವೇ ಸರಿಯಿರಲಿಲ್ಲ.

ಬರಂಗಾಯ್ ಕಚೇರಿ ಮಾರುಕಟ್ಟೆಯ ಹಿಂಬದಿಯಲ್ಲಿತ್ತು. ಅರ್ಧ ಗೋಡೆ, ಅದರ ಮೇಲೆ ಬಿದಿರಿನ ಜಾಲರಿ. ಮುಖ್ಯಸ್ಥನನ್ನು ಅಲ್ಲಿ ಕ್ಯಾಪ್ಟನ್ ಅನ್ನುತ್ತಾರೆ, ಚಿಕ್ಕದಾಗಿ ‘ಕ್ಯಾಪ್’; ಈ ಕ್ಯಾಪ್ ನೊನಾಟೊ ಒಂದು ಕಾಲದಲ್ಲಿ ಹಡಗಿನಲ್ಲಿ ಹಗ್ಗ, ಲಂಗರು ನೋಡಿಕೊಳ್ಳುತ್ತಿದ್ದವನು. ಬಿರುಗಾಳಿಯಲ್ಲಿ ಮಾತಾಡಿ ರೂಢಿಯಾಗಿ ಅವನ ಪಿಸುಮಾತೂ ರಸ್ತೆಗೆ ಕೇಳುತ್ತಿತ್ತು.

“ಅಟರ್ನಿ, ನಿಮ್ ಜಾಗ ಅದು,” ಎಂದು ಹೊರಗಿನ ಬೆಂಚು ತೋರಿಸಿದ. “ಕೂತ್ಕೊಳ್ಳಿ, ಗಾಳಿ ತಗೊಳ್ಳಿ. ಕಣ್ಸನ್ನೆ ಬೇಡ, ಚೀಟಿ ಬೇಡ. ನೀವು ಕೆಮ್ಮಿದ್ರೂ ನಾನದನ್ನ ವಕಾಲತ್ತು ಅಂತ ತಿಳ್ಕೊತೀನಿ.”

ಬೆಂಚಿನ ಮೇಲೆ ಆಗಲೇ ಒಬ್ಬ ಕೂತಿದ್ದ. ಎನ್ಯೊ ಅಂತ, ವಯಸ್ಸಾದ ಜೀಪ್ನಿ ಚಾಲಕ. ಜೀಪ್ನಿ ಸಾಲಿನಲ್ಲಿ ತನ್ನ ಸರದಿ ಬರುವತನಕ ಗೆಳೆಯ ತೆರ್ಸೊನಿಗೆ ಬೆಂಬಲ ಕೊಡಲು ಬಂದಿದ್ದ. ಅವಳಿಗೆ ಜಾಗ ಬಿಟ್ಟು ಸರಿದು ಕೂತ.

“ನಿಮ್ಮನ್ನೂ ಹೊರಗೆ ಹಾಕಿದ್ರಾ ಅಟರ್ನಿ? ಮಾನೊಂಗ್ ತೆರ್ಸೊನ ಹೊರಗೆ ಹಾಕೋಕೆ ಬಂದ್ರಿ, ನೀವೇ ಮೊದ್ಲು ಹೊರಗೆ.”

ಫೆಲಿಸಾ ನಗಲು ಪ್ರಯತ್ನಿಸಿದಳು. ಒಳಗಿನಿಂದ ಮಾನಾಂಗ್ ಸಿಲ್ಯಾಳ ಮೊದಲ ವಾಕ್ಯ ತೇಲಿ ಬಂತು.

“ನಿನ್ನ ಲುಸಿಂಗ್ ಬದುಕಿದ್ದಿದ್ರೆ ಸೌಟು ತಗೊಂಡು ನಿನ್ನ ತಲೆಗೆ ಕುಟ್ತಿದ್ಲು, ಗೊತ್ತಾ!”

ಫೆಲಿಸಾ ಕಣ್ಣು ಮುಚ್ಚಿದಳು.

“ಅವಳು ಬದುಕಿದ್ದಿದ್ರೆ ನೀನು ನನಗೆ ಅಂಥಾ ಕಾಗದ ಕಳಿಸ್ತಿರ್ಲಿಲ್ಲ ಮಾನಾಂಗ್,” ತೆರ್ಸೊನ ದನಿ ಸಣ್ಣಗಿತ್ತು. ಆದರೆ ಜಾಲರಿಯಿಂದ ಸ್ಪಷ್ಟವಾಗಿ ಬರುತ್ತಿತ್ತು. “ಇಂಗ್ಲಿಷಲ್ಲಿತ್ತು. ಮೊಮ್ಮಗಳ ಹತ್ರ ಓದಿಸ್ದೆ. ‘ಅಕ್ರಮವಾಗಿ ಜಾಗ ಹಿಡಿದುಕೊಂಡಿರುವ ವ್ಯಕ್ತಿ’ ಅಂತಿದೆ. ನಾನಾ? ಆ ಫೆಲಿಸಾ ಹುಡುಗಿ ಓದೋವಾಗ ಕ್ಲಾಸು ಮುಗಿಸ್ಕೊಂಡು ಹಸ್ಕೊಂಡು ಬರೋಳು. ಸಾರು ಮುಗಿದಿದ್ರೂ ತಳ ಕೆರೆದು ಬಿಸಿ ಮಾಡಿ ಕೊಡ್ತಿದ್ದೆ. ಅವಳು ನನ್ನ ‘ವ್ಯಕ್ತಿ’ ಅಂತ ಬರೀತಾಳೆ.”

ಎನ್ಯೊ ಅವಳ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಹೆಚ್ಚು ನೋಯಿಸಿತು. ಆ ನೋಟೀಸನ್ನು ಅವಳು ಮಾದರಿ ಪುಸ್ತಕದಿಂದ ಇಳಿಸಿಕೊಂಡಿದ್ದಳು. ಖಾಲಿ ಬಿಟ್ಟ ಜಾಗದಲ್ಲಿ ತೆರ್ಸೊನ ಹೆಸರು ತುಂಬಿದ್ದಳು. ತಪ್ಪಾಗಬಾರದು ಎಂದು ಪದ ಪದವೂ ಪುಸ್ತಕದಂತೆಯೇ ಇಟ್ಟಿದ್ದಳು.

ಒಳಗೆ ಮಾತು ಏರುತ್ತ ಹೋಯಿತು. ಮಾಡು, ತೊಲೆ, ಮೈದುನ, ಔಷಧಿ ಕಂಪನಿ ಎಂದು ಮಾನಾಂಗ್ ಸಿಲ್ಯಾ ಒಂದೊಂದಾಗಿ ಹೇಳಿದಳು. “ಹಿಂದಿನ ಮಳಿಗೆ ಕೊಡ್ತೀನಿ ಅಂದೆನಲ್ಲ, ಅದಕ್ಕೆ ಬಣ್ಣ ಬೇರೆ ಹೊಡಿಸ್ತೀನಿ ಅಂದೆ,” ಎಂದಳು. ತೆರ್ಸೊ “ಬೇಡ” ಅಂದ. ಮತ್ತೆ ಕೇಳಿದಳು. ಮತ್ತೆ “ಬೇಡ.” ಕ್ಯಾಪ್ ನೊನಾಟೊ ಇಬ್ಬರ ಮೇಲೂ ಗುಡುಗಿದ. ಕೆಲಸ ಮುಂದೆ ಸಾಗಲಿಲ್ಲ.

ಅಷ್ಟರಲ್ಲಿ ಇನ್ನೊಬ್ಬ ಚಾಲಕ ಏದುಸಿರು ಬಿಡುತ್ತ ಮಾರುಕಟ್ಟೆ ಸುತ್ತಿ ಬಂದ.

“ಎನ್ಯೊ! ಇಲ್ಲೇನು ಹಾಯಾಗಿ ಕೂತಿದೀಯ? ನಿನ್ನ ಸರದಿ ಹೋಯ್ತು! ಹಿಂದಿನವನು ನುಗ್ಗಿ ಜನ ತುಂಬ್ಕೊಂಡು ಹೊರಟೇಬಿಟ್ಟ.”

“ಥೂ!” ಎನ್ಯೊ ಟೋಪಿ ತೆಗೆದು ತೊಡೆಗೆ ಬಡಿದುಕೊಂಡ. “ಇಲ್ಲಿಂದ ಏನು ಕಾಣ್ತದೆ, ಮಣ್ಣು! ದಿನಾ ತೆರ್ಸೊ ಅಂಗಡೀಲಿ ಕೂತ್ಕೊಂಡು ಒಂದು ಕಣ್ಣು ಬಟ್ಟಲ ಮೇಲೆ, ಒಂದು ಕಣ್ಣು ಸಾಲಿನ ಮೇಲೆ ಇಟ್ಕೊಂಡಿರ್ತಿದ್ದೆ. ಇವತ್ತು ಸ್ನೇಹ ಅಂತ ಬಂದೆ ನೋಡು, ಹೊಟ್ಟೆ ಮೇಲೆ ಹೊಡ್ಕೊಂಡೆ.”

ಇಬ್ಬರೂ ಬೈದಾಡುತ್ತ ಓಡಿದರು. ಫೆಲಿಸಾ ಬೆಂಚಿನ ತುದಿಯಲ್ಲಿ ಅಲುಗಾಡದೆ ಕೂತಳು.

ಮೂಲೆಯ ಮಳಿಗೆಗೆ ಎರಡು ಮುಖ. ಒಂದು ದೊಡ್ಡ ರಸ್ತೆಗೆ, ಇನ್ನೊಂದು ಪಕ್ಕದ ಓಣಿಗೆ. ಓಣಿಯಾಚೆ ಜನ ತುಂಬಿಸಿಕೊಳ್ಳಲು ಸರದಿ ಕಾಯುವ ಜೀಪ್ನಿಗಳ ಸಾಲು. ತೆರ್ಸೊನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಚಾಲಕರೇ. ಹಿಂದಿನ ಮಳಿಗೆಯಿಂದ ಕಾಣುವುದು ಕೋಳಿ ಮಾರುವವರ ಗೋಡೆ. ಇಷ್ಟು ವರ್ಷ ಅವಳೂ ಅದೇ ಸ್ಟೂಲುಗಳ ಮೇಲೆ ಕೂತು ಸಾರು ಕುಡಿದಿದ್ದಳು. ಪಕ್ಕದವರು ಬಟ್ಟಲು ಅರ್ಧಕ್ಕೆ ಬಿಟ್ಟು ಓಡುವುದನ್ನು ಕಂಡಿದ್ದಳು. ಯಾಕೆ ಓಡುತ್ತಾರೆಂದು ಯೋಚಿಸಿರಲಿಲ್ಲ. ಅವಳ ಕಣ್ಣು ಪುಸ್ತಕದ ಮೇಲಿರುತ್ತಿತ್ತು.

ಎದ್ದು ಒಳಗೆ ಹೋಗಿ ಹೇಳಿಬಿಡಲೇ? ಜಾಲರಿಯ ಹತ್ತಿರ ಹೋಗಿ ಒಂದೇ ಒಂದು ಮಾತು? ಅವಳು ಎದ್ದಳು ಕೂಡ. ಮತ್ತೆ ಕೂತಳು. ಒಂದು ಮೆಟ್ಟಿಲು ತಪ್ಪಿಸಿದ್ದಕ್ಕೆ ಎರಡು ತಿಂಗಳು ಹೋಗಿತ್ತು. ವಕೀಲೆ ತಲೆ ಹಾಕಿದಳು ಅಂತ ನಾಳೆ ಯಾರಾದರೂ ಈ ರಾಜಿಯನ್ನೇ ಪ್ರಶ್ನಿಸಿದರೆ? ಅದಕ್ಕಿಂತ ದೊಡ್ಡ ಅನುಮಾನ ಇನ್ನೊಂದಿತ್ತು. ತನಗೆ ಹೊಳೆದದ್ದು ಸರಿ ಎಂದು ಯಾರು ಹೇಳಿದರು? ಬೋರ್ಡು ನೋಡಿದಾಗಲೂ ಸರಿ ಅಂತಲೇ ಅನಿಸಿತ್ತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು, ಪರೀಕ್ಷೆಯ ಫಲಿತಾಂಶದ ದಿನ ಕೂತಿದ್ದ ಹಾಗೆ.

ಕೊನೆಗೆ ಅವಳನ್ನು ಕಾಪಾಡಿದ್ದು ತಿಂಡಿಯ ಹೊತ್ತು. ಆ ಊರಲ್ಲಿ ಎಂಥ ಯುದ್ಧವೂ ಹತ್ತು ಗಂಟೆಯ ತಿಂಡಿಗೆ ನಿಲ್ಲುತ್ತದೆ. ಕ್ಯಾಪ್ ನೊನಾಟೊನ ಹೆಂಡತಿ ಗರಿಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಇಬೊಸ್ ಕಡುಬು ತಂದಳು. ಮಾನಾಂಗ್ ಸಿಲ್ಯಾ ಒಂದನ್ನು ಹಿಡಿದುಕೊಂಡು ಬುಸುಗುಡುತ್ತ ಹೊರಬಂದಳು.

“ಕಲ್ಲು ಕಣೇ ಅದು, ಮನುಷ್ಯ ಅಲ್ಲ. ಬೇಡ, ಬೇಡ, ಬೇಡ! ಗಿಳಿಯಾದ್ರೂ ಇನ್ನೊಂದು ಮಾತು ಕಲಿಯತ್ತೆ.”

“ಕ್ಯಾಪ್,” ಫೆಲಿಸಾ ಎದ್ದು ನಿಂತು ಗಟ್ಟಿಯಾಗಿ ಕೇಳಿದಳು, “ವಿರಾಮದಲ್ಲಿ ನಾನು ನನ್ನ ಕಕ್ಷಿದಾರರ ಹತ್ರ ಮಾತಾಡ್ಬಹುದಾ?”

“ಹೊರಗೆ ನೀವು ಏನಾದ್ರೂ ಮಾತಾಡ್ಕೊಳ್ಳಿ. ಹೊರಗಿನ ಸಮುದ್ರ ನಂದಲ್ಲ,” ಎಂದು ಆತ ಬಾಯಿತುಂಬ ಅಂಟಕ್ಕಿ ಇಟ್ಟುಕೊಂಡೇ ಹೇಳಿದ.

ಅವಳು ಮಾನಾಂಗ್ ಸಿಲ್ಯಾಳನ್ನು ಬಾದಾಮಿ ಮರದ ಕೆಳಗೆ ಕರೆದೊಯ್ದಳು. ಹೊಳೆದದ್ದೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡಳು.

“ಮಾನಾಂಗ್, ಹಿಂದಿನ ಮಳಿಗೆ ಯಾಕೆ ಬೇಡ ಅಂತ ಅವರನ್ನ ಯಾವತ್ತಾದ್ರೂ ಕೇಳಿದೀರಾ?”

“ಕೇಳೋದೇನು? ಬೇಡ ಅಂತಾನಲ್ಲ.”

“ಬೇಡ ಅಂದಿದ್ದು ಕೇಳಿಸ್ಕೊಂಡಿದೀವಿ. ಯಾಕೆ ಅಂತ ನೀವೂ ಕೇಳಿಲ್ಲ, ನಾನೂ ಕೇಳಿಲ್ಲ. ಒಳಗೆ ಹೋಗಿ ಅದೊಂದು ಕೇಳಿ. ಕೇಳಿ ಸುಮ್ನೆ ಕೂತ್ಕೊಳ್ಳಿ. ಅವರು ಉತ್ತರ ಹೇಳೋ ತನಕ ಬಾಯಿ ತೆರೀಬೇಡಿ.”

“ಇಷ್ಟೇನಾ ನಿನ್ನ ಕಾನೂನು? ಇದಕ್ಕೆ ಮೂರು ಸಲ ಪರೀಕ್ಷೆಗೆ ಕೂತ್ಯಾ?”

“ಇಷ್ಟೇ, ಮಾನಾಂಗ್.”

ಮುದುಕಿ ಉಳಿದ ಇಬೊಸ್ ತುಂಡನ್ನು ಅವಳ ಕೈಗಿಟ್ಟು ಒಳಗೆ ನಡೆದಳು.

ಪ್ರಶ್ನೆ ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಮಾನಾಂಗ್ ಸಿಲ್ಯಾ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಲಾ ಪಾಸ್‌ನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಕೋಳಿ ಅಂಗಡಿಯವರು ಪುಕ್ಕ ಕಿತ್ತು ಬಕೆಟ್ಟಿಗೆ ಹಾಕುವ ಸದ್ದು ಮಾತ್ರ.

“ಅಲ್ಲಿಂದ ಸಾಲು ಕಾಣಲ್ಲ,” ಅಂದ ತೆರ್ಸೊ.

“ಯಾವ ಸಾಲು?”

“ಜೀಪ್ನಿ ಸಾಲು. ಡ್ರೈವರ್‌ಗಳು ನನ್ನ ಸಾರು ಚೆನ್ನಾಗಿದೆ ಅಂತ ಬರಲ್ಲ ಮಾನಾಂಗ್. ಚೆನ್ನಾಗೇ ಇದೆ, ಆ ಮಾತು ಬೇರೆ. ತಿಂತಾ ತಿಂತಾ ಸರದಿ ನೋಡ್ಕೋಬಹುದು ಅಂತ ಬರ್ತಾರೆ. ಹಿಂದುಗಡೆ ಹಾಕಿದ್ರೆ ಒಬ್ಬನೂ ಬರಲ್ಲ. ಒಂದು ತಿಂಗಳಲ್ಲಿ ಹಂಡೆ ತೊಳೆದು ಬೋರಲು ಹಾಕ್ಬೇಕು.”

“ಅದನ್ನ ಮೊದ್ಲೇ ಬೊಗಳೋಕೆ ಏನಾಗಿತ್ತು ನಿನಗೆ?”

“ಬಾಯಲ್ಲಿ ಕೇಳಿದ್ರೆ ಬಾಯಲ್ಲಿ ಹೇಳ್ತಿದ್ದೆ. ನೀವು ಕಾಗದದಲ್ಲಿ ಕೇಳಿದ್ರಿ.”

ಫೆಲಿಸಾಳ ಕೈಯಲ್ಲಿದ್ದ ಇಬೊಸ್ ಬೆರಳಿಗೆ ಅಂಟಿಕೊಂಡಿತ್ತು. ಒಳಗೆ ಕುರ್ಚಿ ಕಿರುಗುಟ್ಟಿತು. ಕ್ಯಾಪ್ ನೊನಾಟೊ ಏನೋ ಕೇಳಿದ, ಮಾನಾಂಗ್ ಸಿಲ್ಯಾ ಗರಿಯ ಸೀಳುಗಳನ್ನು ಮೇಜಿನ ಮೇಲೆ ಇಡುತ್ತ ತನ್ನ ಕಟ್ಟಡ ಕಟ್ಟತೊಡಗಿದಳು. ಇದು ದೊಡ್ಡ ರಸ್ತೆ. ಇದು ಓಣಿ. ಕಂಪನಿಯವರಿಗೆ ಬೇಕಾಗಿರೋದು ರಸ್ತೆ ಮುಖ, ಅವರ ಬೋರ್ಡು ಬರೋದು ಇಲ್ಲಿ.

“ಓಣಿ ಕಡೆ ಈ ಕಿರಿದಾದ ಪಟ್ಟೀಲಿ ಏನ್ ಮಾಡ್ತಾರಂತೆ?” ಕ್ಯಾಪ್ ಕೇಳಿದ.

“ಜನರೇಟರ್ ಇಡ್ತಾರಂತೆ. ಕರೆಂಟ್ ಹೋದಾಗ ಔಷಧಿ ತಣ್ಣಗಿರ್ಬೇಕಲ್ಲ.” ಮೇಜು ಗುದ್ದಿದ ಸದ್ದು ಹೊರಗೆ ಬಂತು. “ಅಲ್ಲಾ, ಜನರೇಟರ್‌ಗೆ ಕಣ್ಣಿದ್ಯಾ? ಅದೇನು ಸಾಲು ನೋಡ್ಬೇಕಾ? ಅದನ್ನ ಹಿಂದಿನ ಮಳಿಗೆಗೆ ತಳ್ಳಿ, ಕೋಳಿ ಗೋಡೆ ನೋಡ್ಕೊಂಡು ಗುರುಗುಡ್ಲಿ! ತೆರ್ಸೊ, ಈ ಪಟ್ಟೀಲಿ ನಿನ್ನ ಹಂಡೆ ಕೂರತ್ತಾ?”

“ಹಂಡೆ ಕೂರತ್ತೆ. ಸ್ಟೂಲು ಒಂದೇ ಸಾಲು ಹಾಕ್ಬೇಕಾಗ್ತದೆ.”

“ಒಂದೇ ಸಾಲಾದ್ರೆ ಎಲ್ರಿಗೂ ಕಾಣತ್ತಲ್ಲ, ಬೆಪ್ಪ!”

ಅರ್ಧ ಗಂಟೆಯ ನಂತರ ಕ್ಯಾಪ್ ನೊನಾಟೊ ಬಾಗಿಲಿಗೆ ಬಂದ. ಒಪ್ಪಂದವನ್ನು ಆ ಊರಿನ ಹಿಲಿಗಾಯ್ನೊನ್ ಭಾಷೆಯಲ್ಲೇ ಬರೆಸಿ, ಇಬ್ಬರಿಗೂ ಓದಿ ಹೇಳಿ, ಸಹಿ ಹಾಕಿಸಿದ್ದ. ಔಷಧಿ ಕಂಪನಿ ಒಪ್ಪಿದರೆ ತೆರ್ಸೊ ಓಣಿಯ ಪಟ್ಟಿಗೆ ಹೋಗುತ್ತಾನೆ, ಮೂಲೆಯನ್ನು ತಿಂಗಳ ಕೊನೆಗೆ ಬಿಟ್ಟುಕೊಡುತ್ತಾನೆ. “ಮುಗೀತು. ಅಟರ್ನಿ, ಈಗ ನೀವು ಒಳಗೆ ಬರ್ಬಹುದು. ಕೆಮ್ಮಲೂಬಹುದು.”

ತೆರ್ಸೊ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಫೆಲಿಸಾ ಅವನ ಎದುರು ಹೋದಳು.

“ಮಾನೊಂಗ್, ಆ ನೋಟೀಸು...”

“ನೀನೇ ಯೋಚ್ನೆ ಮಾಡಿ ಬರೆದಿದ್ದಾ, ಪುಸ್ತಕ ನೋಡಿ ಬರೆದಿದ್ದಾ?”

“ಪುಸ್ತಕ ನೋಡಿ. ಆದ್ರೆ ಸಹಿ ನಂದೇ. ತಪ್ಪಾಯ್ತು.”

ಆತ ಅವಳ ಕೈಗೆ ಮೆತ್ತಿದ್ದ ಅಂಟಕ್ಕಿಯನ್ನು ನೋಡಿದ. “ಸರಿ. ಆ ಪುಸ್ತಕಕ್ಕೆ ನಾನು ಸಾರು ಕೊಡಲ್ಲ,” ಅಂದ. “ನೀನು ಬಾ.”

ಇನ್ನೂ ಅರ್ಧ ಕೆಲಸ ಬಾಕಿ ಇತ್ತು. ಕಂಪನಿಯ ವಕೀಲ ಅಟರ್ನಿ ದಿಮಾಯುಗಾ ಮನಿಲಾದವನು. ಅವನ ಕಚೇರಿಗೆ ಫೋನು ಮಾಡಿದರೆ ಮೊದಲು ಮೂವರು ಬೇರೆಬೇರೆ ಜನ ಮಾತಾಡುತ್ತಿದ್ದರು. ಫೆಲಿಸಾ ಹೇಳಬೇಕಾದ್ದನ್ನು ಕಾಗದದ ಮೇಲೆ ಬರೆದುಕೊಂಡು, ಎರಡು ಸಲ ಜೋರಾಗಿ ಓದಿ, ನೀರು ಕುಡಿದು, ಆಮೇಲೆ ನಂಬರು ಒತ್ತಿದಳು.

“ಬರಂಗಾಯ್‌ನಲ್ಲಿ ರಾಜಿನಾ?” ಆತನ ದನಿಯಲ್ಲಿ ಆಶ್ಚರ್ಯವಿತ್ತು. “ನೀವು ಕೋರ್ಟಲ್ಲಿದ್ರಲ್ಲ ಅಟರ್ನಿ?”

ಕಾಗದದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ತಾಂತ್ರಿಕ ಕಾರಣ ಎನ್ನಬಹುದಿತ್ತು.

“ನಾನು ತಪ್ಪು ಹೆಸರಲ್ಲಿ ದಾವೆ ಹೂಡಿದ್ದೆ, ಸರ್. ಜಾಗ ಕಂಪನಿ ಹೆಸರಲ್ಲಿಲ್ಲ, ಮಾನಾಂಗ್ ಸಿಲ್ಯಾ ಅವರ ಸ್ವಂತ ಹೆಸರಲ್ಲಿದೆ. ನೀವು ಕಳಿಸಿದ ಕರಾರಿನ ಕರಡಲ್ಲೂ ಅದೇ ತಪ್ಪಿದೆ. ನನ್ನ ಮಾತು ನಂಬಿ ಹಾಕಿದ್ರಿ. ಅದನ್ನೂ ಬದಲಾಯಿಸ್ಬೇಕು. ಸಹಿ ಆಗೋ ಮುಂಚೆ ಗೊತ್ತಾಯ್ತು ಅಂತಷ್ಟೇ ಹೇಳ್ಬಹುದು.”

ಆಚೆ ಕಡೆ ಪೆನ್ನಿನಿಂದ ಮೇಜು ಕುಟ್ಟುವ ಸದ್ದು.

“ಸಹಿ ಆದ್ಮೇಲೆ ಗೊತ್ತಾಗಿದ್ರೆ,” ಅಂದ ದಿಮಾಯುಗಾ ನಿಧಾನವಾಗಿ, “ನಾವು ಹದಿನೈದು ವರ್ಷದ ಬಾಡಿಗೆ ಕರಾರನ್ನ ಜಾಗಾನೇ ಇಲ್ಲದ ಕಂಪನಿ ಜೊತೆ ಮಾಡ್ಕೊಂಡಿರ್ತಿದ್ವಿ. ನನ್ನ ಕಚೇರಿಯವರೂ ಹಕ್ಕುಪತ್ರ ನೋಡಿಲ್ಲ ಅನ್ನಿ. ಇಲ್ಲಿ ನಾಲ್ಕು ಜನ ಇದಾರೆ ಅದಕ್ಕಂತಲೇ.” ಅವನು ಒಣಗಿದ ದನಿಯಲ್ಲಿ ನಕ್ಕ. “ಆ ಸಾರಿನ ಅಂಗಡಿಯವನು ಬೆಂಕಿ ಹಚ್ತಾನಲ್ಲ? ಪಕ್ಕದಲ್ಲಿ ನಮ್ಮ ಔಷಧಿ.”

“ಗ್ಯಾಸು ಸಿಲಿಂಡರ್ ಹೊರಗಡೆ ಕಬ್ಬಿಣದ ಪಂಜರದಲ್ಲಿ. ಮಧ್ಯೆ ಬೆಂಕಿ ತಡೆಯೋ ಗೋಡೆ. ಹೊಗೆಕೊಳವೆ ಮಾಡಿನ ಮೇಲಕ್ಕೆ. ಅಗ್ನಿಶಾಮಕದವರಿಗೆ ತೋರಿಸಿ ಒಪ್ಪಿಗೆ ತರ್ತೀನಿ. ಆ ಹೊಣೆ ನಮ್ಮದು ಅಂತ ಕರಾರಲ್ಲೇ ಬರೆಯೋಣ.”

“ದಿನವಿಡೀ ಅಲ್ಲಿ ಗುಂಪು ಕೂಡೋ ಡ್ರೈವರ್‌ಗಳು?”

“ಇದಾಗದಿದ್ರೆ ನಿಮ್ಮ ಅಂಗಡಿ ತೆರೆಯೋ ದಿನ ಬಾಗಿಲಲ್ಲಿ ಪ್ರತಿಭಟನೆಗೆ ಬರೋರು ಅವರೇ, ಸರ್. ಇದಾದ್ರೆ ತಲೆನೋವಿನ ಗುಳಿಗೆಗೆ ಬರೋರೂ ಅವರೇ.”

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಆದರೆ ದಿಮಾಯುಗಾ ಈ ಸಲ ನಿಜವಾಗಿ ನಕ್ಕ. ನಕ್ಷೆ ಕಳಿಸಿ, ನೋಡೋಣ ಎಂದ. ಕಂಪನಿಯ ಎಂಜಿನಿಯರು ಬಂದು ಜನರೇಟರಿನ ತಂತಿಯ ದಾರಿ ಅಳೆದು ಹೋದ. ತಿಂಗಳ ಕೊನೆಯ ವಾರದಲ್ಲಿ ಉತ್ತರ ಬಂತು: ಕಂಪನಿ ಒಪ್ಪಿದೆ, ತಂತಿಯ ಹೆಚ್ಚಿನ ಖರ್ಚನ್ನು ಅರ್ಧರ್ಧ ಹಂಚಿಕೊಳ್ಳಬೇಕು. ಮಾನಾಂಗ್ ಸಿಲ್ಯಾ ಮೈದುನನಿಗೆ ತಾನೇ ಫೋನು ಮಾಡಿ, ಕಾರು ನಿಲ್ಲಿಸಲು ಬೇರೆ ಜಾಗ ನೋಡಿಕೋ ಎಂದು ಹೇಳಿ, ಅವನು ಬಾಯಿ ತೆರೆಯುವ ಮುಂಚೆ ಇಟ್ಟುಬಿಟ್ಟಳು.

ಗೋಡೆ ಏಳುವ ಮುಂಚಿನ ದಿನ ಓಣಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ತೆರ್ಸೊ ಗೆರೆಯೊಳಗೆ ತನ್ನ ಸ್ಟೂಲುಗಳನ್ನು ಜೋಡಿಸಿದ, ಮೇಸ್ತ್ರಿ ಕಟ್ಟೆಯ ಎತ್ತರಕ್ಕೆ ಒಂದು ಹಲಗೆ ಅಡ್ಡ ಕಟ್ಟಿದ. ಚಾಲಕರು ಒಬ್ಬೊಬ್ಬರಾಗಿ ಕೂತು ನೋಡಿ ತಕರಾರು ತೆಗೆದರು. ಕಟ್ಟೆ ಎತ್ತರವಾಯಿತು. ಆ ಕಂಬ ಅಡ್ಡ. ಎನ್ಯೊ ಎಲ್ಲರಿಗಿಂತ ಗಿಡ್ಡ, ಅವನ ಗದ್ದ ಹಲಗೆಗೆ ತಾಗುತ್ತಿತ್ತು.

“ನಿನಗೆ ಅಂತ ಗೋಡೆ ಕೊರೀಬೇಕಾ? ಎರಡು ದಿಂಬು ಹಾಕ್ಕೊಂಡು ಕೂತ್ಕೋ!” ಮಾನಾಂಗ್ ಸಿಲ್ಯಾ ಕೂಗಿದಳು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, “ಒಂದು ಗೇಣು ಇಳಿಸು,” ಎಂದಳು.

ಫೆಲಿಸಾ ತೆರ್ಸೊನ ಹೊಸ ಕರಾರಿನ ಕರಡು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅದನ್ನು ಇಂಗ್ಲಿಷಿನಲ್ಲಿ ಬರೆದಿರಲಿಲ್ಲ. ಅದರಲ್ಲೊಂದು ಕಲಮು ಯಾವ ಮಾದರಿ ಪುಸ್ತಕದಲ್ಲೂ ಸಿಕ್ಕಿರಲಿಲ್ಲ, ಅವಳೇ ಬರೆದಿದ್ದಳು: ಕೂತ ಗಿರಾಕಿಯ ಕಣ್ಣಿಗೂ ಜೀಪ್ನಿ ಸಾಲಿಗೂ ಮಧ್ಯೆ ಕಟ್ಟಡದ ಒಡತಿಯಾಗಲಿ, ಔಷಧಿ ಅಂಗಡಿಯವರಾಗಲಿ ಬೋರ್ಡು, ಬಾಗಿಲು, ಸಾಮಾನು ಯಾವುದನ್ನೂ ಅಡ್ಡ ಇಡತಕ್ಕದ್ದಲ್ಲ. ಇದು ನಿಲ್ಲುತ್ತದೆಯೇ, ‘ಕಣ್ಣು’ ಎಂದು ಬರೆದರೆ ನ್ಯಾಯಾಲಯದವರು ನಗುತ್ತಾರೆಯೇ ಎಂದು ಅವಳು ರಾತ್ರಿಯೆಲ್ಲ ಹೊರಳಾಡಿದ್ದಳು. ತೆರ್ಸೊನಿಗೆ ಓದಿ ಹೇಳಿದಳು. ಆತ ಮತ್ತೊಮ್ಮೆ ಓದಿಸಿದ.

“ಸರಿಯಾಗಿದೆ. ಆದ್ರೆ ಇಲ್ಲಿ ಕೂತು ನೋಡದೆ ಹೆಂಗೆ ಬರೆದೆ?”

ಅದು ನಿಜ. ಅವಳು ಕರಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೊನೆಯ ಸ್ಟೂಲಿನ ಮೇಲೆ ಕೂತಳು. ಬಿಸಿಲು, ಧೂಳು, ಜೀಪ್ನಿಗೆ ಜನರನ್ನು ಕೂಗಿ ಕರೆಯುವವನ ಗದ್ದಲ. ಮೊದಲ ಜೀಪ್ನಿ ಕಂಡಿತು, ಎರಡನೆಯದು ಕಂಡಿತು. ಕೊನೆಯದನ್ನು ನೋಡಲು ಕತ್ತು ಸ್ವಲ್ಪ ಚಾಚಬೇಕಾಯಿತು. ಅವಳು ಸ್ಟೂಲನ್ನು ಒಂದು ಅಡಿ ಎಡಕ್ಕೆ ಎಳೆದುಕೊಂಡು, ಮತ್ತೆ ಕೂತು, ಆ ಕಲಮು ತಿದ್ದಲು ಪೆನ್ನು ತೆಗೆದಳು.